ಕೋಟೆ ಸ್ಮಶಾನದ ಕಥೆ

(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಹಬ್ಬದ ದಿನ ಸ್ಮಶಾನದ ಮಾತೇಕೆ ಅಂತ ಹಿರಿಯರು ಹುಬ್ಬೇರಿಸಬಹುದು. ಬೆಂಗಳೂರಿನ ನಮ್ಮ ನಗರ್ತಪೇಟೆಯಿಂದ ನಡೆದುಹೋಗುವಷ್ಟು ದೂರದಲ್ಲೇ ಒಂದು ಸ್ಮಶಾನವಿತ್ತು. ಈಗ ಅದರ ಗುರುತೂ ಇಲ್ಲ.

1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಹಲಸೂರು ಬಾಗಿಲಿನಿಂದ ಪೇಟೆಗೆ ನುಗ್ಗಿತು. ಆ ಬಾಗಿಲಲ್ಲೇ ಕರ್ನಲ್ ಮೂರ್‌ಹೌಸ್ ಸತ್ತ. 21ರ ರಾತ್ರಿ ಕೋಟೆಯೂ ಬಿತ್ತು. ಕಿಲ್ಲೇದಾರ ಬಹದ್ದೂರ್ ಖಾನ್ ಕಾದಾಡುತ್ತಲೇ ಮಡಿದ. ಇಂಗ್ಲಿಷ್ ಅಧಿಕಾರಿಗಳನ್ನು ಕೋಟೆ ಬಳಿ ಹೂತರು. ರಾಬರ್ಟ್ ಹೋಮ್ ಬರೆದ ಆ ಗೋರಿಗಳ ಚಿತ್ರ 1794ರಲ್ಲೇ ಅಚ್ಚಾಯಿತು. ಬಹುಕಾಲ ಕೋಟೆ ಚರ್ಚಿನವರು ಅವನ್ನು ನೋಡಿಕೊಂಡರು. 1935ರ ಹೊತ್ತಿಗೆ ಆ ಜಾಗ ವಾಣಿವಿಲಾಸ ಹೆರಿಗೆ ಆಸ್ಪತ್ರೆಗೆ ಸೇರಿತು. ಚರ್ಚು ಚಾಮರಾಜಪೇಟೆಗೆ ಹೋಗಿ ಸೇಂಟ್ ಲ್ಯೂಕ್ಸ್ ಆಯಿತು. ನಮ್ಮ ಪೇಟೆಯ ಎಷ್ಟೋ ಮಕ್ಕಳು ಹುಟ್ಟಿದ್ದು ಅಲ್ಲೇ. ಅದಕ್ಕೆ ನನ್ನ ತಕರಾರಿಲ್ಲ.

ಸತ್ತವರ ಹೆಸರು ಕೆತ್ತಿದ್ದ ಸ್ಮಾರಕಸ್ತಂಭವನ್ನೂ 1964ರಲ್ಲಿ ಕಾರ್ಪೊರೇಷನ್ ಎದುರಿನಿಂದ ಕಿತ್ತರು. ಪರಕೀಯರ ಗುರುತು, ಹೋಗಲಿ ಬಿಡಿ. ಆದರೆ ಪೇಟೆ ಕಾಯುತ್ತ ಸತ್ತ ನಮ್ಮ ಸಿಪಾಯಿಗಳ ಹೆಸರು ಯಾವ ಕಲ್ಲಿನ ಮೇಲಿತ್ತು? ಕಿತ್ತ ಜಾಗದಲ್ಲಾದರೂ ಬರೆಸಿದರೇ? ಬರೆಸೋಕೆ ಪಟ್ಟಿಯಾದರೂ ಎಲ್ಲಿತ್ತು?

ನಿಮ್ಮೂರ ರುದ್ರಭೂಮಿಗೆ ಪಹಣಿ ಇದೆಯೇ, ಯಾರ ಬೇಲಿ ಎಷ್ಟು ಒಳಗೆ ಬಂದಿದೆ, ಈ ವಾರವೇ ನೋಡಿ. ಸಂಘದ ಬೀರುವಿನಲ್ಲಿ ಸಾಲದ ಲೆಡ್ಜರಿನ ಪಕ್ಕ, ಅಲ್ಲಿ ಮಲಗಿದವರ ಹೆಸರಿನದೂ ಒಂದು ಪುಸ್ತಕ ಇಡಿ. ಖರ್ಚು ಹೆಚ್ಚೇನಾಗದು, ಕಾರ್ಯದರ್ಶಿಗಳು ಗಾಬರಿಯಾಗಬೇಕಿಲ್ಲ.