‘ರಕ್ತ ಸ್ವಲ್ಪ ಜಾಸ್ತಿ ಹೋಗಿದೆ’ ಅಂದ್ರೆ ಎಷ್ಟು?

ಇವತ್ತಿನ ಕಂತು ಶುರುವಾಗೋದು ಒಂದು ವಾಟ್ಸ್‌ಆ್ಯಪ್ ಮೆಸೇಜಿನಿಂದ. ಕಳೆದ ವರ್ಷ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಬಂದಿದ್ದು. "ಅರ್ಜೆಂಟ್. ಡೆಲಿವರಿ ಕೇಸ್. ಓ ನೆಗೆಟಿವ್ ಬೇಕು." ನನ್ನ ಗುಂಪು ಅದೇ. ಆಟೋ ಹಿಡಿದು ಹೋದೆ.

ರಕ್ತನಿಧಿಯ ಹೊರಗೆ ಆಕೆಯ ಗಂಡ ನಿಂತಿದ್ದರು, ಕೈಯಲ್ಲಿ ಮಗುವಿಗೆ ತಂದ ಟವೆಲ್ಲು. ಏನಾಯ್ತು ಅಂತ ಕೇಳಿದೆ. "ಹೆರಿಗೆ ನಾರ್ಮಲ್ ಆಯ್ತು ಮೇಡಂ. ಆಮೇಲೆ ರಕ್ತ ಸ್ವಲ್ಪ ಜಾಸ್ತಿ ಹೋಗಿದೆ ಅಂದ್ರು. ಏನೂ ಆಗಲ್ಲ, ನೋಡೋಣ ಅಂದ್ರು. ಒಂದು ಗಂಟೆ ಬಿಟ್ಟು ಓಡಿ ಬಂದು ರಕ್ತ ತನ್ನಿ ಅಂದ್ರು."

ನಾನು ಕೊಟ್ಟ ರಕ್ತ ಆ ಕ್ಷಣಕ್ಕೇ ಆಕೆಗೆ ಹೋಗಲಿಲ್ಲ. ಹಾಗೆ ಹೋಗೋದೂ ಇಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ, ಈ ಐದು ಪರೀಕ್ಷೆ ಮುಗಿಯದೆ ಯಾವ ಚೀಲವೂ ಹೊರಗೆ ಬರುವಂತಿಲ್ಲ. ಅಲ್ಲಿ ಮೊದಲೇ ಯಾರೋ ಕೊಟ್ಟು ಹೋಗಿದ್ದ ರಕ್ತ ಆಕೆಯನ್ನು ಉಳಿಸಿತು. ತಾಯಿ, ಮಗು ಇಬ್ಬರೂ ಮನೆಗೆ ಹೋದರು.

ಆದರೆ ಒಂದು ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿದವಳು. ನಮಗೆ ಮೊದಲ ವರ್ಷದಲ್ಲೇ ತಲೆಗೆ ತುಂಬೋದು ಒಂದೇ ಪಾಠ: ಪುಸ್ತಕದಲ್ಲಿ ಬರೆಯದ ನಷ್ಟ ಯಾರ ಕಣ್ಣಿಗೂ ಬೀಳಲ್ಲ. ಹಾಗಾದರೆ ‘ಸ್ವಲ್ಪ ಜಾಸ್ತಿ’ ಅಂದ್ರೆ ಎಷ್ಟು? ಯಾರಾದರೂ ಅಳೆದಿದ್ರಾ?

ಓದುತ್ತಾ ಹೋದಾಗ ಗೊತ್ತಾಯ್ತು, ಇದೇ ಪ್ರಶ್ನೆಯನ್ನು ನಮ್ಮ ಬೆಳಗಾವಿಯಲ್ಲಿ ಇಪ್ಪತ್ತು ವರ್ಷಕ್ಕೂ ಹಿಂದೆಯೇ ಕೇಳಿದ್ದರು.

ಮೊದಲು ಲೆಕ್ಕ ಅರ್ಥ ಮಾಡಿಕೊಳ್ಳೋಣ. ಸಹಜ ಹೆರಿಗೆಯ ನಂತರ ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ಪ್ರಸವಾನಂತರದ ರಕ್ತಸ್ರಾವ ಅಂತಾರೆ. ಅರ್ಧ ಲೀಟರ್ ಅಂದ್ರೆ ನಾವು ದಿನಾ ಬೆಳಿಗ್ಗೆ ತರೋ ಹಾಲಿನ ಒಂದು ಪ್ಯಾಕೆಟ್. ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ ಮೊದಲಿಗಿಂತ ಶೇ 40ರಿಂದ 50ರಷ್ಟು ಏರಿರುತ್ತೆ, ಹಾಗಾಗಿ ಆ ಒಂದು ಪ್ಯಾಕೆಟ್ಟನ್ನು ಗಟ್ಟಿ ದೇಹ ತಡ್ಕೊಳ್ಳುತ್ತೆ. ಅಪಾಯವೂ ಅಲ್ಲೇ ಇರೋದು. ನಾಡಿ, ಬಿ.ಪಿ. ಎಲ್ಲ ಸರಿ ಇದ್ದಂತೆ ಕಾಣ್ತಾ ಇರುತ್ತೆ, ಆಮೇಲೆ ಇದ್ದಕ್ಕಿದ್ದಂತೆ ಕುಸಿಯುತ್ತೆ. ತಿಂಗಳು ತುಂಬಿದಾಗ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತೆ. ಹೆರಿಗೆ ಆದ ಮೇಲೆ ಗರ್ಭಕೋಶ ಮುಷ್ಟಿ ಹಿಡಿದ ಹಾಗೆ ಬಿಗಿಯಾಗಬೇಕು. ಆಗಲಿಲ್ಲ ಅಂದ್ರೆ ನಲ್ಲಿ ತೆರೆದಿಟ್ಟ ಹಾಗೆ.

ಇನ್ನು ಮೈಯಲ್ಲಿ ರಕ್ತವೇ ಕಡಿಮೆ ಇದ್ದರೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಭಾರತದಲ್ಲಿ ಶೇ 52.2ರಷ್ಟು ಗರ್ಭಿಣಿಯರಿಗೆ ರಕ್ತಹೀನತೆ ಇದೆ. ಅವರ ಖಾತೆಯಲ್ಲಿ ಉಳಿತಾಯವೇ ಇಲ್ಲ. ಬೇರೆಯವರು ತಡ್ಕೊಳ್ಳೋ ನಷ್ಟ ಇವರನ್ನು ಮುಳುಗಿಸುತ್ತೆ.

ಈಗ ಬೆಳಗಾವಿಗೆ ಬರೋಣ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. 1,620 ತಾಯಂದಿರು. ಹೆರಿಗೆ ಮಾಡಿಸಿದವರು ದೊಡ್ಡ ಡಾಕ್ಟರುಗಳಲ್ಲ, ಹಳ್ಳಿಯ ಎಎನ್‌ಎಂ ಸಿಸ್ಟರುಗಳು. ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್ ಇಂಜೆಕ್ಷನ್ನಿಗೆ ಫ್ರಿಜ್ ಬೇಕು, ಸೂಜಿ ಬೇಕು. ಮಿಸೊಪ್ರೊಸ್ಟಾಲ್ ಅನ್ನೋ ಮಾತ್ರೆಗೆ ಎರಡೂ ಬೇಡ. ಹೆರಿಗೆಯಾದ ಕೂಡಲೇ ಅರ್ಧದಷ್ಟು ತಾಯಂದಿರಿಗೆ ಆ ಮಾತ್ರೆ, ಉಳಿದವರಿಗೆ ನೋಡೋಕೆ ಹಾಗೇ ಇರೋ, ಔಷಧಿ ಇಲ್ಲದ ಮಾತ್ರೆ ಕೊಟ್ಟರು.

ಇದನ್ನು ಮೊದಲ ಸಲ ಓದಿದಾಗ ನನಗೂ ಕಸಿವಿಸಿ ಆಯ್ತು. ಔಷಧಿ ಸಿಗದ ಆ ಅರ್ಧ ಜನರ ಗತಿ? ಆದರೆ ಆ ಹಳ್ಳಿಗಳಲ್ಲಿ ಆಗ ಸಿಸ್ಟರುಗಳ ಕೈಯಲ್ಲಿ ಇಂಥ ಔಷಧಿ ಇರಲೇ ಇಲ್ಲ. ಮಾತ್ರೆ ಕೆಲಸ ಮಾಡುತ್ತೆ ಅಂತ ಸಾಬೀತಾಗದೆ ಕೊಡುವ ಅನುಮತಿಯೂ ಬರುತ್ತಿರಲಿಲ್ಲ. ಕಸಿವಿಸಿ ಪೂರ್ತಿ ಹೋಗಿಲ್ಲ ನನಗೆ. ಆ ತಾಯಂದಿರ ಋಣ ದೊಡ್ಡದು ಅಂತ ಮಾತ್ರ ಗೊತ್ತು.

2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಅತಿಯಾದ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿದಿತ್ತು. ತೀವ್ರ ರಕ್ತಸ್ರಾವ ಶೇ 1.2ರಿಂದ 0.2ಕ್ಕೆ. ಹದಿನೆಂಟು ಜನರಿಗೆ ಮಾತ್ರೆ ಕೊಟ್ಟರೆ ಒಬ್ಬರಿಗೆ ರಕ್ತಸ್ರಾವ ತಪ್ಪುತ್ತಿತ್ತು. ಚಳಿ ನಡುಕ, ಜ್ವರ ಕೆಲವರಿಗೆ ಬಂತು, ಸ್ವಲ್ಪ ಹೊತ್ತಿಗೆ ಇಳಿಯಿತು.

ಮಾತ್ರೆಯ ಕಥೆ ಇಷ್ಟು. ನನ್ನ ಕಣ್ಣು ನಿಂತಿದ್ದು ಇನ್ನೊಂದು ವಸ್ತುವಿನ ಮೇಲೆ. ಈ ಅಧ್ಯಯನಕ್ಕೆ ರಕ್ತ ಅಳೆಯಲೇಬೇಕಿತ್ತಲ್ಲ? ಅದಕ್ಕೆ ಅವರು ಮಾಡಿಕೊಂಡಿದ್ದು ಒಂದು ಪ್ಲಾಸ್ಟಿಕ್ ಹಾಳೆ. ಹೆರಿಗೆಯಾದ ತಕ್ಷಣ ತಾಯಿಯ ಕೆಳಗೆ ಹಾಸಿ, ಸೊಂಟಕ್ಕೆ ಕಟ್ಟೋದು. ತುದಿಯಲ್ಲಿ ಆಲಿಕೆ ಥರದ ಚೀಲ, ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ಅಷ್ಟೇ. ಇದರ ಜೊತೆ ಕಣ್ಣಂದಾಜನ್ನು ಹೋಲಿಸಿ ನೋಡಿದಾಗ, ಕಣ್ಣಂದಾಜು ಮೂರನೇ ಒಂದು ಭಾಗದಷ್ಟು ಕಡಿಮೆ ಬರುತ್ತಿತ್ತು. ಬಟ್ಟೆಗೆ, ಹಾಸಿಗೆಗೆ, ನೆಲಕ್ಕೆ ಹೋದ ರಕ್ತ ಯಾರ ಲೆಕ್ಕಕ್ಕೂ ಸಿಗಲ್ಲ. ‘ಸ್ವಲ್ಪ ಜಾಸ್ತಿ’ ಅನ್ನೋ ಮಾತು ಹುಟ್ಟೋದು ಅಲ್ಲಿ.

ಹಾಗಂತ ಅಳೆದುಬಿಟ್ಟರೆ ಸಾಕಾ? ಇಲ್ಲ. ಯುರೋಪಿನ 13 ದೇಶಗಳಲ್ಲಿ ಇಂಥದ್ದೇ ಸಂಗ್ರಹ ಚೀಲ ಬಳಸಿ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಬರೀ ಚೀಲದಿಂದ ತೀವ್ರ ರಕ್ತಸ್ರಾವ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ನಷ್ಟ ಬರೆದಿಟ್ಟು ಸುಮ್ಮನೆ ಕೂತರೆ ಅಂಗಡಿ ಉಳಿಯುತ್ತಾ? ಬರೆದ ಮೇಲೆ ಏನು ಮಾಡ್ತೀರಿ ಅನ್ನೋದೂ ಗೊತ್ತಿರಬೇಕು.

ಅದಕ್ಕೆ ಉತ್ತರ ಸಿಕ್ಕಿದ್ದು 2023ರಲ್ಲಿ, ಆಫ್ರಿಕಾದಿಂದ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳು, 2,10,132 ತಾಯಂದಿರು. ಇ-ಮೋಟಿವ್ ಅಂತ ಆ ಅಧ್ಯಯನದ ಹೆಸರು. ಅರ್ಧದಷ್ಟು ಆಸ್ಪತ್ರೆಗಳಲ್ಲಿ ಗೆರೆ ಇರೋ ಹಾಳೆ. ರಕ್ತ ಗೆರೆ ಮುಟ್ಟಿದರೆ ಒಂದಾದ ಮೇಲೊಂದು ಕಾದು ನೋಡೋ ಹಾಗಿಲ್ಲ. ಗರ್ಭಕೋಶ ಉಜ್ಜೋದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆ್ಯಸಿಡ್, ಡ್ರಿಪ್, ಎಲ್ಲಿಂದ ರಕ್ತ ಬರ್ತಿದೆ ಅಂತ ಪರೀಕ್ಷೆ, ಎಲ್ಲ ಒಟ್ಟಿಗೆ. ಉಳಿದ ಆಸ್ಪತ್ರೆಗಳಲ್ಲಿ ಹಾಳೆ ಇತ್ತು, ಗೆರೆ ಇರಲಿಲ್ಲ. ಚಿಕಿತ್ಸೆ ಎಂದಿನಂತೆ.

ಫಲಿತಾಂಶ ಕೇಳಿ. ಗೆರೆ ಇದ್ದಲ್ಲಿ ಶೇ 93ರಷ್ಟು ರಕ್ತಸ್ರಾವಗಳನ್ನು ಸಿಬ್ಬಂದಿ ಗುರುತಿಸಿದರು. ಗೆರೆ ಇಲ್ಲದಲ್ಲಿ ಶೇ 51. ಅಂದ್ರೆ ಹೆಚ್ಚುಕಮ್ಮಿ ಅರ್ಧ ಜನ ಕಣ್ಣೆದುರೇ ರಕ್ತ ಕಳ್ಕೊಳ್ತಿದ್ದರೂ ಅದು ರಕ್ತಸ್ರಾವ ಅಂತ ಯಾರಿಗೂ ಅನ್ನಿಸಿರಲಿಲ್ಲ. ಒಂದು ಲೀಟರಿಗೂ ಮೀರಿದ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾಗಿ ಬಂದದ್ದು, ಸಾವು, ಈ ಮೂರನ್ನೂ ಸೇರಿಸಿ ನೋಡಿದರೆ ಶೇ 4.3 ಇದ್ದದ್ದು 1.6ಕ್ಕೆ ಇಳಿದಿತ್ತು.

2025ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಮಾರ್ಗಸೂಚಿ ತಂದಿತು. ಅರ್ಧ ಲೀಟರ್ ತನಕ ಕಾಯಬೇಡಿ, 300 ಮಿಲಿಲೀಟರ್ ಆಗಿ ನಾಡಿ, ಬಿ.ಪಿ.ಯಲ್ಲಿ ಏರುಪೇರು ಕಂಡರೆ ಆಗಲೇ ಚಿಕಿತ್ಸೆ ಶುರು ಮಾಡಿ ಅಂತ. ನಾನು ಆ ರಾತ್ರಿ ಕೊಟ್ಟ ಚೀಲ 350 ಮಿಲಿಲೀಟರಿನದು. ಅದಕ್ಕಿಂತಲೂ ಕಡಿಮೆ ರಕ್ತ ಹೋದಾಗಲೇ ಎಚ್ಚರಾಗಿ ಅಂತಿದ್ದಾರೆ. ಎಚ್ಚರಾದರೆ ಎಷ್ಟೋ ಮನೆಯವರು ನಡುರಾತ್ರಿ ಆ ಮೆಸೇಜು ಕಳಿಸೋ ಪ್ರಸಂಗವೇ ಬರಲ್ಲ.

ಇದೆಲ್ಲ ಕೇಳಿ ಯಾರೂ ಹೆದರಬೇಡಿ, ಹೆಚ್ಚಿನ ಹೆರಿಗೆಗಳು ಸುಸೂತ್ರವಾಗೇ ಆಗ್ತವೆ. ಆದರೆ ಮನೆಯಲ್ಲಿ ಗರ್ಭಿಣಿ ಇದ್ದರೆ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಈಗಲೇ ಕೇಳಿ. ಕಬ್ಬಿಣದ ಮಾತ್ರೆ ಡಬ್ಬಿಯಲ್ಲಿದೆಯಾ, ಹೊಟ್ಟೆಗೆ ಹೋಗ್ತಿದೆಯಾ ನೋಡಿ. ರಕ್ತದ ಗುಂಪು ತಾಯಿ ಕಾರ್ಡಿನಲ್ಲಿ ಬರೆದಿರಲಿ. ಡಾಕ್ಟರ್ ಹತ್ರ ಮರ್ಯಾದೆಯಿಂದಲೇ ಒಂದು ಮಾತು ಕೇಳಿ: "ಹೆರಿಗೆ ಆದ ಮೇಲೆ ಹೋಗೋ ರಕ್ತವನ್ನು ಇಲ್ಲಿ ಅಳೀತೀರಾ?" ಜಗಳಕ್ಕಲ್ಲ. ಕೇಳೋರು ಇದ್ದಾರೆ ಅಂತ ಗೊತ್ತಾದರೆ ಅಳೆಯೋರೂ ಹುಟ್ಟಿಕೊಳ್ತಾರೆ.

ಇನ್ನು ಆರೋಗ್ಯವಾಗಿರೋ ನಾವು, ಮೆಸೇಜು ಬರೋ ಮುಂಚೆಯೇ ರಕ್ತ ಕೊಟ್ಟು ಬರೋಣ. ಅವತ್ತು ಆಕೆಯನ್ನು ಉಳಿಸಿದ್ದು ಓಡೋಡಿ ಬಂದ ನಾನಲ್ಲ. ಯಾವ ಗಡಿಬಿಡಿಯೂ ಇಲ್ಲದೆ, ಎಂದೋ ಒಂದು ದಿನ ಕೊಟ್ಟು ಹೋದ ಇನ್ಯಾರೋ. ಅವರಿಗೆ ಇದು ಗೊತ್ತೂ ಇಲ್ಲ.