ಹದಿಹರೆಯದ ಹೊಗೆ, ಮುಂದಿನ ತಲೆಮಾರಿನ ಉಸಿರು

(ವ್ಯಸನಮುಕ್ತ ದಿನಾಚರಣೆಯ ಅಂಗವಾಗಿ ಶ್ರೀಮಠದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ಆಗಸ್ಟ್ 1 ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ಜನ್ಮದಿನ. ಪೂಜ್ಯರು ಜೋಳಿಗೆ ಹಿಡಿದು ಊರೂರು ತಿರುಗಿದರು. ಆ ಜೋಳಿಗೆಗೆ ಅವರು ಕಾಳು-ಕಡಿ ಕೇಳಲಿಲ್ಲ, ಕಾಣಿಕೆ ಕೇಳಲಿಲ್ಲ. ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಎಷ್ಟೋ ಮಂದಿ ಕಿಸೆಯಲ್ಲಿದ್ದ ಬೀಡಿ ಕಟ್ಟು, ತಂಬಾಕಿನ ಚೀಟಿಗಳನ್ನು ಆ ಜೋಳಿಗೆಗೆ ಹಾಕಿ ಮನೆಗೆ ಹೋದರು. ಆ ಜೋಳಿಗೆ ಉಳಿಸಿದ್ದು ಕೇವಲ ಆ ಮನುಷ್ಯನನ್ನೇ, ಅಥವಾ ಅವನಿಗೆ ಮುಂದೆ ಹುಟ್ಟಲಿದ್ದ ಮಕ್ಕಳನ್ನೂ ಉಳಿಸಿತೇ? ಇವತ್ತು ನಾನು ಮಾತಾಡಬೇಕೆಂದಿರುವುದು ಈ ಪ್ರಶ್ನೆಯ ಬಗ್ಗೆ.

ನಾನು ವೈದ್ಯನಲ್ಲ. ಸರ್ಕಾರಿ ಇಂಜಿನಿಯರ್ ಆಗಿ ಕಾಲುವೆ, ಸೇತುವೆಗಳ ಕೆಲಸದಲ್ಲಿ ಆಯುಷ್ಯ ಕಳೆದು ನಿವೃತ್ತನಾದವನು. ಕೆಲಸದ ಜಾಗಗಳಲ್ಲಿ ಚಟ ಹೇಗೆ ಹತ್ತುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಕೂಲಿಗೆ ಬಂದವರ ಜೊತೆ ಅವರ ಮಕ್ಕಳೂ ಬರುತ್ತಿದ್ದರು. ಹನ್ನೆರಡು-ಹದಿಮೂರರ ಹುಡುಗ ಮೊದಲು ದೊಡ್ಡವರಿಗೆ ಅಂಗಡಿಯಿಂದ ಬೀಡಿ ತಂದುಕೊಡುತ್ತಿದ್ದ. ಆಮೇಲೆ ಒಲೆಯ ಕೆಂಡದಲ್ಲಿ ಹಚ್ಚಿಕೊಡುತ್ತಿದ್ದ. ಹಚ್ಚುವಾಗ ತಾನೂ ಒಂದು ದಮ್ ಎಳೆಯುತ್ತಿದ್ದ. ಸುತ್ತಲಿನವರು ನಗುತ್ತಿದ್ದರು. ಹುಡುಗ ದೊಡ್ಡವನಾದ ಎಂದು ಅವರ ಲೆಕ್ಕ.

ಹೊಗೆಸೊಪ್ಪಿನಿಂದ ಕ್ಯಾನ್ಸರ್ ಬರುತ್ತದೆ ಎಂಬುದು ಪಾಕೀಟಿನ ಮೇಲೇ ಅಚ್ಚಾಗಿದೆ, ಅದನ್ನು ನಾನು ಹೇಳಬೇಕಿಲ್ಲ. ಎಷ್ಟು ಸೇದಿದ ಎನ್ನುವುದರ ಜೊತೆಗೆ, ಯಾವ ವಯಸ್ಸಿನಲ್ಲಿ ಶುರುಮಾಡಿದ ಎಂಬುದೂ ದೊಡ್ಡ ಪ್ರಶ್ನೆ. ಅದನ್ನು ತಿಳಿಯಬೇಕಾದರೆ ಜೀವಕೋಶದ ಒಳಗೆ ಸ್ವಲ್ಪ ಇಣುಕಬೇಕು.

ಒಂದು ಕಟ್ಟಡಕ್ಕೆ ನಕ್ಷೆ ಇದ್ದಂತೆ ನಮ್ಮ ದೇಹಕ್ಕೂ ನಕ್ಷೆ ಇದೆ. ಅದೇ ಡಿಎನ್‌ಎ. ತಂದೆಯಿಂದ ಸುಮಾರು 300 ಕೋಟಿ ಅಕ್ಷರ, ತಾಯಿಯಿಂದ ಅಷ್ಟೇ ಅಕ್ಷರ ಸೇರಿ ಈ ನಕ್ಷೆ ಆಗುತ್ತದೆ. ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದಲ್ಲೂ ಇದರ ಒಂದು ಪ್ರತಿ ಇರುತ್ತದೆ. ಹೊಗೆ ಈ ನಕ್ಷೆಯನ್ನು ಎರಡು ರೀತಿಯಲ್ಲಿ ಕೆಡಿಸುತ್ತದೆ.

ಮೊದಲನೆಯದು, ಅಕ್ಷರವನ್ನೇ ತಿದ್ದುವುದು. ಹೊಗೆಯಲ್ಲಿ ಬೆಂಜೋಪೈರಿನ್ ಎಂಬ ರಾಸಾಯನಿಕವಿದೆ. ದೇಹದೊಳಗೆ ಅದು ರೂಪ ಬದಲಿಸಿ ಡಿಎನ್‌ಎಗೆ ಡಾಂಬರಿನಂತೆ ಅಂಟಿಕೊಳ್ಳುತ್ತದೆ. ಕೋಶಗಳು ಅಂಕೆಮೀರಿ ಬೆಳೆಯದಂತೆ ಕಾಯುವ ಪಿ53 ಎಂಬ ವಂಶವಾಹಿ ಇದೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಆ ವಂಶವಾಹಿ ಎಲ್ಲೆಲ್ಲಿ ಕೆಟ್ಟಿರುತ್ತದೋ, ಅದೇ ಜಾಗಗಳಲ್ಲಿ ಈ ರಾಸಾಯನಿಕ ಅಂಟುತ್ತದೆ ಎಂದು 1996ರಲ್ಲಿ ತೋರಿಸಿಕೊಟ್ಟರು. ದಿನಕ್ಕೊಂದು ಪ್ಯಾಕ್ ಸಿಗರೇಟಿನಂತೆ ಒಂದು ವರ್ಷ ಸೇದಿದರೆ ಶ್ವಾಸಕೋಶದ ಒಂದೊಂದು ಕೋಶದಲ್ಲೂ ಸರಾಸರಿ 150 ಅಕ್ಷರದೋಷಗಳು ಹೊಸದಾಗಿ ಸೇರುತ್ತವೆ ಎಂಬುದು 2016ರ ಇನ್ನೊಂದು ಅಧ್ಯಯನದ ಲೆಕ್ಕ.

ಇಲ್ಲಿ ವಯಸ್ಸಿನ ಮಾತು ಬರುತ್ತದೆ. 1999ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾನ್ ವೀಂಕೆ ಮತ್ತು ಸಂಗಡಿಗರು, ಶ್ವಾಸಕೋಶದ ಕ್ಯಾನ್ಸರ್ ಬಂದವರ ಅಂಗಾಂಶವನ್ನು ಪರೀಕ್ಷಿಸಿದರು. ಅವರಲ್ಲಿ ಸೇದುವುದನ್ನು ಬಿಟ್ಟಿದ್ದವರೂ ಇದ್ದರು. ಹಾಗೆ ಬಿಟ್ಟವರಲ್ಲಿ, ಎಳೆಯ ವಯಸ್ಸಿನಲ್ಲೇ ಶುರುಮಾಡಿದ್ದವರ ಡಿಎನ್‌ಎಗೆ ಅಂಟಿಕೊಂಡಿದ್ದ ಕೊಳೆ ಹೆಚ್ಚಾಗಿತ್ತು. ಒಟ್ಟು ಎಷ್ಟು ಸೇದಿದ್ದರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು. ನನಗೆ ಇದು ಹಸಿ ಕಾಂಕ್ರೀಟಿನಂತೆ ಕಾಣುತ್ತದೆ. ಕ್ಯೂರಿಂಗ್ ಮುಗಿದ ಮೇಲೆ ಅದರ ಮೇಲೆ ಎತ್ತು ನಡೆದರೂ ಗುರುತು ಬೀಳುವುದಿಲ್ಲ. ಹಸಿ ಇದ್ದಾಗ ಕೋಳಿ ನಡೆದರೂ ಆ ಹೆಜ್ಜೆ ಕಟ್ಟಡ ಇರುವ ತನಕ ಇರುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ನಕ್ಷೆಯ ಅಕ್ಷರ ಬದಲಾಗದೆಯೂ, ಅದರ ಪಕ್ಕದಲ್ಲಿ ಪೆನ್ಸಿಲ್‌ನಿಂದ ‘ಈ ಕೆಲಸ ನಿಲ್ಲಿಸಿ’, ‘ಇದನ್ನು ಮುಂದುವರಿಸಿ’ ಎಂದು ಬರೆದರೆ ಕಟ್ಟಡ ಬದಲಾಗುತ್ತದಲ್ಲವೇ? ದೇಹ ಹಾಗೆ ಬರೆಯುವುದು ಮೀಥೈಲ್ ಎಂಬ ಪುಟ್ಟ ಗುರುತಿನಿಂದ. ಯಾವ ವಂಶವಾಹಿ ದುಡಿಯಬೇಕು, ಯಾವುದು ಸುಮ್ಮನಿರಬೇಕು ಎಂದು ಇಂಥ ಗುರುತುಗಳು ಹೇಳುತ್ತವೆ. ಈ ವಿದ್ಯೆಗೆ ಎಪಿಜೆನೆಟಿಕ್ಸ್ ಎನ್ನುತ್ತಾರೆ. 2016ರಲ್ಲಿ ಸುಮಾರು 16,000 ಜನರ ರಕ್ತವನ್ನು ಪರೀಕ್ಷಿಸಿದಾಗ, ಧೂಮಪಾನಿಗಳಲ್ಲಿ 7,000ಕ್ಕೂ ಹೆಚ್ಚು ವಂಶವಾಹಿಗಳ ಮೇಲೆ ಈ ಗುರುತುಗಳು ಬದಲಾಗಿದ್ದವು.

ಈಗ ಮಕ್ಕಳ ಮಾತಿಗೆ ಬರುತ್ತೇನೆ. ನಾರ್ವೆ ದೇಶದ ಬರ್ಗನ್ ಮತ್ತು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು 7ರಿಂದ 50 ವರ್ಷದ 875 ಜನರ ಡಿಎನ್‌ಎ ಗುರುತುಗಳನ್ನು ಓದಿ, ಅವರ ತಂದೆಯರು ಯಾವಾಗ ಧೂಮಪಾನ ಶುರುಮಾಡಿದ್ದರು ಎಂಬುದರ ಜೊತೆ ಹೋಲಿಸಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ತಂದೆ 15 ವರ್ಷ ತುಂಬುವ ಮೊದಲೇ ಶುರುಮಾಡಿದ್ದರೆ, ಮಕ್ಕಳ 14 ವಂಶವಾಹಿಗಳಿಗೆ ಸೇರಿದ 19 ಜಾಗಗಳಲ್ಲಿ ಗುರುತು ಬೇರೆಯಾಗಿತ್ತು. ಈ ಬದಲಾವಣೆಗಳಿಗೆ ಆಸ್ತಮಾ, ಉಬ್ಬಸ, ಬೊಜ್ಜಿನ ಜೊತೆ ನಂಟು ಕಂಡುಬಂತು. 19ರಲ್ಲಿ 16 ಗುರುತುಗಳು, ತಾಯಿಯ ಧೂಮಪಾನಕ್ಕಾಗಲಿ ಸ್ವಂತ ಧೂಮಪಾನಕ್ಕಾಗಲಿ ಹಿಂದೆ ತಳುಕು ಹಾಕಿಕೊಂಡಿರದಂಥವು.

ಗಮನಿಸಿ, ಆ ಹುಡುಗ ಸೇದಿದಾಗ ಅವನ ಮಗು ಇನ್ನೂ ಎಲ್ಲೂ ಇರಲಿಲ್ಲ. ಮದುವೆಯ ಮಾತೂ ಇರಲಿಲ್ಲ. ಹಾಗಾದರೆ ಗುರುತು ಹೇಗೆ ದಾಟಿತು? ಗಂಡುಮಕ್ಕಳಲ್ಲಿ ವೀರ್ಯಾಣು ತಯಾರಾಗಲು ಶುರುವಾಗುವುದೇ ಆ ವಯಸ್ಸಿನಲ್ಲಿ. ಆಗ ಅದರ ಮೂಲಕೋಶಗಳಲ್ಲಿ ಗುರುತುಗಳು ಹೊಸದಾಗಿ ಜೋಡಣೆಯಾಗುತ್ತಿರುತ್ತವೆ. ಹೊಗೆ ಬೀಳುವುದು ಆ ಹಸಿ ಕಾಂಕ್ರೀಟಿನ ಮೇಲೆ ಎಂಬುದು ವಿಜ್ಞಾನಿಗಳ ವಿವರಣೆ. ಇದು ನಂಟನ್ನು ತೋರಿಸಿದ ಅಧ್ಯಯನ, ಕೊನೆಯ ತೀರ್ಪಲ್ಲ ಎಂದು ಅವರೇ ಎಚ್ಚರಿಕೆಯಿಂದ ಹೇಳಿದ್ದಾರೆ. ನಾವೂ ಅಷ್ಟೇ ಎಚ್ಚರಿಕೆಯಿಂದ ಕೇಳಬೇಕು.

ಹಿಂದೊಮ್ಮೆ ಈ ವಿಷಯ ಮಾತಾಡಿ ವೇದಿಕೆ ಇಳಿದಾಗ ಒಬ್ಬ ರೈತರು ಹತ್ತಿರ ಬಂದರು. “ಸಾಹೇಬ್ರ, ನಾ ಹದಿನಾಲ್ಕಕ್ಕ ಬೀಡಿ ಹಿಡಿದಾಂವ. ನನ್ನ ಮಗಳ ಉಬ್ಬಸಕ್ಕ ನಾನೇ ಕಾರಣ ಏನ್ರೀ?” ಎಂದು ಕೇಳಿದರು. ಒಂದು ಮಗುವಿನ ಉಬ್ಬಸಕ್ಕೆ ಇದೇ ಕಾರಣ ಎಂದು ಯಾವ ವಿಜ್ಞಾನಿಯೂ ಬೊಟ್ಟುಮಾಡಿ ಹೇಳಲಾರ. ಧೂಳು, ಒಲೆಯ ಹೊಗೆ, ಸೋಂಕು ಹೀಗೆ ಕಾರಣ ಹತ್ತಾರು ಇರುತ್ತವೆ ಎಂದೆ. ಅವರ ಪಕ್ಕದಲ್ಲಿದ್ದ ಹೆಂಡತಿ ಮೆಲ್ಲಗೆ ಒಂದು ಮಾತು ಹೇಳಿದರು: “ಇಷ್ಟು ದಿನ ಎಲ್ಲಾರೂ ನನ್ನ ತವರಿನ ಕಡಿಂದ ಬಂದದ್ದು ಅಂತಿದ್ರು ಬಿಡ್ರಿ.”

ಆ ಮಾತು ನನ್ನನ್ನು ಬಿಟ್ಟಿಲ್ಲ. ಮಗುವಿಗೆ ಏನೇ ಬಂದರೂ ನಮ್ಮ ಮನೆಗಳಲ್ಲಿ ಮೊದಲ ಬೆರಳು ತಾಯಿಯ ಕಡೆಗೆ. ಬಸುರಿಯಾಗಿದ್ದಾಗ ಏನು ತಿಂದಳು, ಎಲ್ಲಿ ಹೋದಳು, ಅವಳ ತವರಿನಲ್ಲಿ ಯಾರಿಗಿತ್ತು ಎಂದು ವಿಚಾರಣೆ. ತಂದೆಯ ಬಾಲ್ಯವನ್ನು ಯಾರೂ ಕೇಳುವುದಿಲ್ಲ. ಹೆಣ್ಣು-ಗಂಡು ಸಮಾನರೆಂದು ಸಾರಿದ ಶರಣರ ಹಾದಿಯವರು ನಾವು. ಹೊಣೆಯೂ ಇಬ್ಬರದು ಎಂದು ಈಗ ವಿಜ್ಞಾನವೂ ಹೇಳುತ್ತಿರುವಾಗ, ಸೊಸೆಯ ತವರನ್ನು ಹಳಿಯುವುದನ್ನಾದರೂ ನಿಲ್ಲಿಸೋಣ.

ಇನ್ನೊಂದು ಮಾತು. ಗುರುತು ಎಂದೊಡನೆ ಹಣೆಬರಹ ಎಂದು ಕೈಚೆಲ್ಲಬೇಡಿ. ನಾನು ಆಗಲೇ ಹೇಳಿದ 16,000 ಜನರ ಅಧ್ಯಯನದಲ್ಲಿ, ಸೇದುವುದನ್ನು ಬಿಟ್ಟ ಐದು ವರ್ಷಗಳೊಳಗೆ ಬಹುಪಾಲು ಗುರುತುಗಳು ಎಂದೂ ಸೇದದವರ ಮಟ್ಟಕ್ಕೆ ಮರಳಿದ್ದವು. ಕೆಲವು ಮಾತ್ರ ಮೂವತ್ತು ವರ್ಷವಾದರೂ ಅಳಿದಿರಲಿಲ್ಲ. ಬಿಟ್ಟವರ ಶ್ವಾಸಕೋಶದಲ್ಲಿ, ಇನ್ನೂ ಸೇದುತ್ತಿರುವವರಿಗಿಂತ ನಾಲ್ಕು ಪಟ್ಟಿನವರೆಗೆ ಹೆಚ್ಚು ಆರೋಗ್ಯವಂತ ಕೋಶಗಳಿರುತ್ತವೆ ಎಂದು 2020ರಲ್ಲಿ ಕಂಡುಕೊಂಡಿದ್ದಾರೆ. ಐವತ್ತಕ್ಕೆ ಬಿಟ್ಟರೂ ಲಾಭವಿದೆ. ಹದಿಮೂರಕ್ಕೆ ಮುಟ್ಟದೇ ಇದ್ದರೆ ಇಬ್ಬರಿಗೆ ಲಾಭ.

ಕಾನೂನು ನಮ್ಮ ಬೆನ್ನಿಗಿದೆ. ಶಾಲೆಯ ಸುತ್ತ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂದು 2003ರ ಕೇಂದ್ರ ಕಾಯ್ದೆ ಹೇಳಿದೆ. ಮಾರಾಟಕ್ಕೆ ಇದ್ದ 18ರ ವಯೋಮಿತಿಯನ್ನು ಕರ್ನಾಟಕ ತನ್ನ 2024ರ ತಿದ್ದುಪಡಿಯಲ್ಲಿ 21ಕ್ಕೆ ಏರಿಸಿದೆ. ಮಕ್ಕಳ ಕೈಗೆ ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಸೆರೆವಾಸವಿದೆ. ಆದರೆ ನಮ್ಮ ಹುಡುಗನನ್ನು ಅಂಗಡಿಗೆ ಕಳಿಸುವವರು ಪೊಲೀಸರಲ್ಲ, ನಾವೇ.

ಆದ್ದರಿಂದ ಗುರುಗಳ ಸನ್ನಿಧಿಯಲ್ಲಿ ಮೂರು ವಿನಂತಿ. ಇವತ್ತಿನಿಂದ ಯಾವ ಮಗುವನ್ನೂ ಬೀಡಿ, ಸಿಗರೇಟು, ಗುಟ್ಕಾ ತರಲು ಕಳಿಸಬೇಡಿ. ನಿಮ್ಮೂರಿನ ಶಾಲೆಯ ಗೇಟಿನಿಂದ ನೂರು ಗಜ ಅಳೆದು ನೋಡಿ. ಟೇಪು ಬೇಕಿದ್ದರೆ ನಾನು ತರುತ್ತೇನೆ. ಮೂರನೆಯದು ಮಕ್ಕಳಿಗೆ: ಯಾರಾದರೂ ‘ಒಂದೇ ದಮ್, ಏನಾಗಲ್ಲ’ ಎಂದರೆ, ಇದು ನನ್ನೊಬ್ಬನ ದೇಹವಲ್ಲ ಎಂದು ಹೇಳಿ ಮುಂದೆ ನಡೆಯಿರಿ. ಅದನ್ನು ಹೇಳಲು ಬೀಡಿ ಹಿಡಿಯುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಆ ಧೈರ್ಯ ನಿಮ್ಮಲ್ಲಿದೆ.