ಹೊಗೆಯ ಲೆಕ್ಕ

ಮನೆಗೆ ನೆಂಟರು ಬರುವರೆಂದರೆ ಗದಗ-ಬೆಟಗೇರಿಯ ತಾಯಂದಿರು ತಕ್ಕಡಿ ಹುಡುಕುವುದಿಲ್ಲ. ಒಂದು ಸೇರು ಜೋಳದ ಹಿಟ್ಟಿಗೆ ಇಷ್ಟು ರೊಟ್ಟಿ ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಕಾರ್ಖಾನೆಯ ಹೊಗೆಗೂ ಇಂಥದೇ ಒಂದು ಲೆಕ್ಕವುಂಟು. ಇಷ್ಟು ಕಲ್ಲಿದ್ದಲು ಉರಿದರೆ ಗಾಳಿಗೆ ಇಷ್ಟು ಧೂಳು, ಇಷ್ಟು ಅನಿಲ ಸೇರುತ್ತದೆ ಎಂದು ಹೇಳುವ ಅಂಕಿಗೆ ಹೊರಸೂಸುವಿಕೆಯ ಗುಣಕ ಎಂದು ಹೆಸರು. ಅಮೆರಿಕದಲ್ಲಿ ಇಂಥ ಅಂಕಿಗಳ ದೊಡ್ಡ ಸಂಗ್ರಹವೊಂದು 1968ರಲ್ಲಿ ಪ್ರಕಟವಾಯಿತು.

ಲೆಕ್ಕ ಸರಳವಾದುದು. ಕಲ್ಲಿದ್ದಲಿನಲ್ಲಿ ನೂರಕ್ಕೆ ಅರ್ಧ ಪಾಲು ಗಂಧಕವಿದೆ ಎನ್ನೋಣ. ಟನ್ನಿಗೆ 5 ಕಿಲೋ ಆಯಿತು. ಉರಿಯುವಾಗ ಗಂಧಕವು ತನ್ನ ತೂಕದಷ್ಟೇ ಆಮ್ಲಜನಕವನ್ನು ಕೂಡಿಸಿಕೊಳ್ಳುವುದರಿಂದ ಸುಮಾರು 10 ಕಿಲೋ ಗಂಧಕದ ಡೈಆಕ್ಸೈಡ್ ಹೊರಬೀಳುತ್ತದೆ. ದಿನಕ್ಕೆ 20 ಟನ್ ಉರಿಸುವ ಬಾಯ್ಲರಿನಿಂದ 200 ಕಿಲೋ. ಹೊಗೆ ತೊಳೆಯುವ ಯಂತ್ರವು ನೂರಕ್ಕೆ 90 ಪಾಲು ಹಿಡಿದರೆ ಉಳಿಯುವುದು 20 ಕಿಲೋ. ಯಂತ್ರ ಕೆಟ್ಟು ನಿಂತ ದಿನ ಮತ್ತೆ 200!

ಆದರೆ ಹಿಟ್ಟು ಬೇರೆಯಾದರೆ ರೊಟ್ಟಿಯ ಎಣಿಕೆಯೂ ಬೇರೆ. ಅಮೆರಿಕದ ಪಟ್ಟಿಯಲ್ಲಿ ಹತ್ತಿಯ ಜಿನ್ನಿಗೂ ಧೂಳಿನ ಅಂಕಿಯಿದೆ. ಅಲ್ಲಿ ಹತ್ತಿ ಬಿಡಿಸುವುದು ಯಂತ್ರ, ಕಸಕಡ್ಡಿ ಹೆಚ್ಚು. ಲಕ್ಷ್ಮೇಶ್ವರ, ಶಿರಹಟ್ಟಿಯ ಹೊಲಗಳಲ್ಲಿ ಬಿಡಿಸುವುದು ಹೆಣ್ಣುಮಕ್ಕಳ ಕೈ. ಅಲ್ಲಿ ಗರಗಸದ ಜಿನ್ನು, ನಮ್ಮಲ್ಲಿ ಹೆಚ್ಚಾಗಿ ರೋಲರಿನದು. ಆ ಅಂಕಿಯನ್ನು ಇಲ್ಲಿಗೆ ಹಾಗೆಯೇ ತರುವುದು ಸಲ್ಲದು. ಗುಣಕವೆಂಬುದು ಹಲವು ಕಾರ್ಖಾನೆಗಳ ಸರಾಸರಿ. ನಿಮ್ಮ ಊರಿನ ಚಿಮಣಿ ಅದಕ್ಕಿಂತ ಮೇಲಾಗಿರಬಹುದು, ಕೀಳಾಗಿಯೂ ಇರಬಹುದು. ಅಳೆಯಲು ಬರುವಲ್ಲಿ ಅಳೆಯುವುದೇ ಲೇಸು.

ಹಾಗಾದರೆ ಈ ಲೆಕ್ಕ ಏತಕ್ಕೆ? ಇನ್ನೂ ಕಟ್ಟದ ಚಿಮಣಿಯನ್ನು ಅಳೆಯಲು ಬರುವುದಿಲ್ಲವಲ್ಲ! ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ವರ್ಷಕ್ಕೆ 60 ಲಕ್ಷ ಟನ್ ಉಕ್ಕು ತೆಗೆಯುವ ಪೋಸ್ಕೋ ಕಾರ್ಖಾನೆಯ ಪ್ರಸ್ತಾಪ 2010ರಲ್ಲಿ ಬಂದಿತು. ಊದುಕುಲುಮೆಯ ವಿಧಾನದಲ್ಲಿ ಟನ್ ಉಕ್ಕಿಗೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್. ಆ ವಿಧಾನವೇ ಆಗಿದ್ದರೆ ವರ್ಷಕ್ಕೆ 1 ಕೋಟಿ 20 ಲಕ್ಷ ಟನ್! ಫಲವತ್ತಾದ ಎರೆಭೂಮಿ ಹೋಗುವುದೆಂದು ರೈತರು ವಿರೋಧಿಸಿದರು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. 2011ರಲ್ಲಿ ಸರಕಾರ ಭೂಸ್ವಾಧೀನವನ್ನು ನಿಲ್ಲಿಸಿತು. 2013ರಲ್ಲಿ ಕಂಪನಿಯೂ ಹಿಂದೆ ಸರಿಯಿತು.

ಅಂದು ನೆಲದ ಲೆಕ್ಕ ಕೇಳಿದ ಜನ ಮುಂದೆ ಗಾಳಿಯ ಲೆಕ್ಕವನ್ನೂ ಕೇಳಬೇಕು. ದೊಡ್ಡ ಕಾರ್ಖಾನೆ ಬರುವ ಮೊದಲು ನಡೆಯುವ ಸಾರ್ವಜನಿಕ ಅಹವಾಲು ಸಭೆಯಲ್ಲಿ ಮೂರು ಮಾತು ಕೇಳಿರಿ: ಈ ಅಂಕಿ ಎಲ್ಲಿಯದು? ಯಂತ್ರ ನಿಂತ ದಿನ ಎಷ್ಟು? ಚಿಮಣಿ ಎದ್ದ ಮೇಲೆ ಅಳೆಯುವವರು ಯಾರು? ರೊಟ್ಟಿಯ ಲೆಕ್ಕ ಬಲ್ಲವರಿಗೆ ಇದೇನೂ ಕಠಿಣವಲ್ಲ.